ಮಂಗಳೂರು–ಬೆಂಗಳೂರು ವಿಮಾನ: ದೂರವೆಷ್ಟು, ಹೊತ್ತೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಮನೆಗಳಲ್ಲಿ ಒಬ್ಬರಾದರೂ ಬೆಂಗಳೂರಿನಲ್ಲಿರುತ್ತಾರೆ. ಹಬ್ಬಕ್ಕೆ, ಮದುವೆಗೆ, ಆಸ್ಪತ್ರೆಗೆ ಎಂದು ಓಡಾಟ ನಡೆದೇ ಇರುತ್ತದೆ. ಈ ದಾರಿಯನ್ನು ಬಸ್ಸು, ರೈಲು, ವಿಮಾನ ಮೂರರಲ್ಲೂ ಸವೆಸಿದವನೆಂಬ ಕಾರಣಕ್ಕೆ ನೆಂಟರು, ಸಹೋದ್ಯೋಗಿಗಳು, ಪರಿಚಯವಿಲ್ಲದ ಕೆಲವರೂ ಪತ್ರದಲ್ಲಿ ಮತ್ತು ಮಾತಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು, ಆದಷ್ಟೂ ಅವರವರ ಮಾತಿನಲ್ಲಿಯೇ, ಇಲ್ಲಿ ಒಟ್ಟು ಮಾಡಿದ್ದೇನೆ.

## ಮೊದಲ ಲೆಕ್ಕ

ಮಂಗಳೂರು ಏರ್‌ಪೋರ್ಟಿಂದ ಬೆಂಗಳೂರು ಏರ್‌ಪೋರ್ಟಿಗೆ ಎಷ್ಟು ಕಿಲೋಮೀಟರ್?

ಬಜ್ಪೆ ಸಮೀಪದ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ನಡುವಿನ ನೇರ ದೂರ ಸುಮಾರು 306 ಕಿಲೋಮೀಟರ್. ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ ಇದು 165. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ ಪ್ರಯಾಣ ಬಹುಮಟ್ಟಿಗೆ ಪೂರ್ವ–ಪಶ್ಚಿಮವಾಗಿಯೇ ಸಾಗುತ್ತದೆ; ದೇವನಹಳ್ಳಿ ಮಾತ್ರ ಬಜ್ಪೆಗಿಂತ ಸುಮಾರು 26 ಕಿಲೋಮೀಟರ್‌ನಷ್ಟು ಉತ್ತರಕ್ಕಿದೆ.

ಒಂದು ಕಡೆ 298 ಅಂತ ಇದೆ, ಇನ್ನೊಂದು ಕಡೆ 306, ಮತ್ತೊಂದು ಕಡೆ 350. ಯಾವುದನ್ನು ನಂಬೋದು?

ಮೂರನ್ನೂ ನಂಬಬಹುದು, ಏಕೆಂದರೆ ಅವು ಮೂರು ಬೇರೆ ಬೇರೆ ಅಳತೆಗಳು. ಊರಿನ ಮಧ್ಯಭಾಗದಿಂದ ಊರಿನ ಮಧ್ಯಭಾಗಕ್ಕೆ ಗೆರೆ ಎಳೆದರೆ 298ರ ಆಸುಪಾಸು ಬರುತ್ತದೆ. ನಿಲ್ದಾಣದಿಂದ ನಿಲ್ದಾಣಕ್ಕೆ ಎಳೆದರೆ 306. ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಂದರೆ 350ರ ಸುತ್ತಮುತ್ತ. ಭೂಮಿ ಗುಂಡಗಿರುವುದರಿಂದ ಲೆಕ್ಕ ತಪ್ಪುತ್ತದೆಯೇ ಎಂದೂ ಕೆಲವರು ಕೇಳಿದ್ದುಂಟು. ಲಂಡನ್ನಿಗೆ ಹೋಗುವಾಗ ಅದು ದೊಡ್ಡ ಸಂಗತಿ, ಇಷ್ಟು ಹತ್ತಿರದ ಊರುಗಳ ನಡುವೆ ಅಲ್ಲ. ವಿಮಾನ ಹಾರಿದ ನಿಜವಾದ ದೂರ ಮಾತ್ರ ಯಾವ ದಿನವೂ 306 ಆಗಿರುವುದಿಲ್ಲ. ಹೊರಡುವಾಗಿನ ತಿರುವು, ಇಳಿಯುವಾಗಿನ ಸುತ್ತು ಸೇರಿ ಅದು ಇನ್ನಷ್ಟು ಬೆಳೆಯುತ್ತದೆ.

ವಿಮಾನದಲ್ಲಿ ಎಷ್ಟು ಹೊತ್ತು ಕೂರಬೇಕಾಗ್ತದೆ?

ವೇಳಾಪಟ್ಟಿಯ ಪ್ರಕಾರ ಸಾಮಾನ್ಯವಾಗಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನ ಹಾರಾಟ ಜೆಟ್ ವಿಮಾನದಲ್ಲಿ 40ರಿಂದ 45 ನಿಮಿಷ. ಹತ್ತಿ ಕೂತು ಬಾಗಿಲು ಹಾಕುವ ಮೊದಲು ಕಾಯುವ ಅರ್ಧ ಗಂಟೆಯನ್ನು ಈ ಎರಡೂ ಲೆಕ್ಕಗಳು ಹಿಡಿಯುವುದಿಲ್ಲ.

ಟಿಕೆಟಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಅಂತ ಇತ್ತು, ಪೈಲಟ್ ನಲವತ್ತು ನಿಮಿಷ ಅಂದರು. ಯಾರು ಹೇಳಿದ್ದು ಸುಳ್ಳು?

ಯಾರದೂ ಸುಳ್ಳಲ್ಲ, ಇಬ್ಬರ ಗಡಿಯಾರ ಶುರುವಾಗುವ ಜಾಗ ಬೇರೆ. ಟಿಕೆಟಿನಲ್ಲಿರುವುದಕ್ಕೆ ವಿಮಾನಯಾನದ ಭಾಷೆಯಲ್ಲಿ ‘ಬ್ಲಾಕ್ ಅವಧಿ’ ಎನ್ನುತ್ತಾರೆ. ನಿಂತ ಜಾಗದಿಂದ ವಿಮಾನ ಅಲುಗಾಡಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ನಿಂತು ಚಕ್ರಕ್ಕೆ ಅಡೆ ಇಡುವ ಕ್ಷಣದವರೆಗೆ ಅದು ಓಡುತ್ತದೆ. ಪೈಲಟ್ ಹೇಳುವುದು ಆಕಾಶದಲ್ಲಿರುವ ಹೊತ್ತನ್ನು ಮಾತ್ರ.

ಒಮ್ಮೆ ಕುತೂಹಲಕ್ಕೆ ಕೈಗಡಿಯಾರ ನೋಡಿಕೊಂಡು ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಬೆಂಗಳೂರಿನಲ್ಲಿ ಬೆಳಿಗ್ಗೆ 6.52ಕ್ಕೆ ಬಾಗಿಲು ಹಾಕಿದರು, 6.58ಕ್ಕೆ ಟ್ರ್ಯಾಕ್ಟರ್ ವಿಮಾನವನ್ನು ಹಿಂದಕ್ಕೆ ದೂಡಿತು. ಸಾಲಿನಲ್ಲಿ ಮೂರು ವಿಮಾನಗಳ ಹಿಂದೆ ನಿಂತು 7.11ಕ್ಕೆ ನೆಲ ಬಿಟ್ಟೆವು, 7.52ಕ್ಕೆ ಬಜ್ಪೆಯಲ್ಲಿ ಚಕ್ರ ತಾಗಿತು, 8.01ಕ್ಕೆ ನಿಂತೆವು. ಹಾರಾಟ 41 ನಿಮಿಷ, ಬ್ಲಾಕ್ ಅವಧಿ 63 ನಿಮಿಷ. ಟಿಕೆಟಿನಲ್ಲಿ 70 ನಿಮಿಷ ಇದ್ದುದರಿಂದ ‘ನಿಗದಿತ ಸಮಯಕ್ಕಿಂತ ಮುಂಚಿತವಾಗಿ ತಲುಪಿದ್ದೇವೆ’ ಎಂಬ ಘೋಷಣೆಯೂ ಆಯಿತು. ಬೆಂಗಳೂರಿನಂಥ ದಟ್ಟಣೆಯ ನಿಲ್ದಾಣದಲ್ಲಿ ಸಾಲು ಉದ್ದವಾದರೂ ವೇಳೆ ತಪ್ಪದಿರಲೆಂದು ಸಂಸ್ಥೆಗಳು ಹೀಗೆ ಕೆಲವು ನಿಮಿಷಗಳನ್ನು ಮೊದಲೇ ಸೇರಿಸಿಟ್ಟುಕೊಂಡಿರುತ್ತವೆ.

ಟಿಕೆಟಿನಲ್ಲಿ ಐಎಕ್ಸ್‌ಇ ಅಂತ ಉಂಟು, ಅದು ಮಂಗಳೂರೇ ಹೌದಾ?

ಹೌದು, ಐಎಕ್ಸ್‌ಇ ಎಂದರೆ ಮಂಗಳೂರು, ಬಿಎಲ್‌ಆರ್ ಎಂದರೆ ಬೆಂಗಳೂರು. ಬೆಳಗಾವಿಯ ಸಂಕೇತ ಐಎಕ್ಸ್‌ಜಿ. ಅವಸರದಲ್ಲಿ ಟಿಕೆಟ್ ತೆಗೆಯುವವರು ಕೊನೆಯ ಅಕ್ಷರವನ್ನು ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

## ಹೊರಡುವ ಮೊದಲು

ಪಂಕ ಇರುವ ಚಿಕ್ಕ ವಿಮಾನ ಆದ್ರೆ ತುಂಬಾ ತಡ ಆಗ್ತದಾ?

ತುಂಬಾ ಅಲ್ಲ, ಹತ್ತು ಹದಿನೈದು ನಿಮಿಷ. ಎಟಿಆರ್ 72 ಎಂಬ, ಎಪ್ಪತ್ತೆಂಟರಷ್ಟು ಸೀಟುಗಳ ಈ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಏರ್‌ಬಸ್ 320 ಅಥವಾ ಬೋಯಿಂಗ್ 737ರಂಥ ಜೆಟ್‌ನ ವೇಗ ದೂರದ ಹಾರಾಟದಲ್ಲಿ 800 ದಾಟುತ್ತದೆ. ವೇಗದಲ್ಲಿ ಇಷ್ಟೊಂದು ಅಂತರವಿದ್ದರೂ 300 ಕಿಲೋಮೀಟರ್‌ನ ದಾರಿಯಲ್ಲಿ ಜೆಟ್‌ಗೆ ತನ್ನ ಪೂರ್ಣ ವೇಗ ತೋರಿಸಲು ಜಾಗವೇ ಸಿಗುವುದಿಲ್ಲ. ಎಟಿಆರ್‌ನಲ್ಲಿ ತಲೆಯ ಮೇಲಿನ ಸಾಮಾನಿನ ಗೂಡು ಚಿಕ್ಕದು. ದೊಡ್ಡ ಕೈಪೆಟ್ಟಿಗೆ ಅದರಲ್ಲಿ ಹಿಡಿಸದೆ ಕೆಳಗೆ ಹಾಕಿಸಿಕೊಂಡರೆ, ಇಳಿದ ಮೇಲೆ ಅದಕ್ಕಾಗಿ ಕಾಯುವ ಹೊತ್ತೇ ಹಾರಾಟದ ವ್ಯತ್ಯಾಸಕ್ಕಿಂತ ಹೆಚ್ಚಾದೀತು. ಕೆಳಗೆ ಹಾರುವುದರಿಂದ ಮೋಡವಿಲ್ಲದ ದಿನ ಊರುಕೇರಿಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ ಎಂಬುದು ಅದರ ಪರವಾಗಿ ನಾನು ಹೇಳಬಹುದಾದ ಮಾತು.

ಮನೆಯಿಂದ ಮನೆಗೆ ಲೆಕ್ಕ ಹಾಕಿದ್ರೆ ನಿಜವಾಗ್ಲೂ ಏನಾದ್ರೂ ಉಳಿಯುತ್ತಾ?

ಈ ಎಲ್ಲದರಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು. ಜಯನಗರದ ಮನೆಯಿಂದ ಮಂಗಳೂರಿನ ಕದ್ರಿಗೆ, ಬೆಳಿಗ್ಗೆ 10ರ ವಿಮಾನದಲ್ಲಿ ಹೊರಟಿರಿ ಎಂದುಕೊಳ್ಳೋಣ. ದೇವನಹಳ್ಳಿಗೆ ಸುಮಾರು 40 ಕಿಲೋಮೀಟರ್. ಹೆಬ್ಬಾಳದ ದಟ್ಟಣೆಯನ್ನು ಲೆಕ್ಕಕ್ಕೆ ಹಿಡಿದರೆ 7ಕ್ಕೆ ಮನೆ ಬಿಡಬೇಕು. 8.30ಕ್ಕೆ ತಲುಪುತ್ತೀರಿ. ಸಾಮಾನು ಒಪ್ಪಿಸುವ ಕೌಂಟರನ್ನು ದೇಶೀಯ ವಿಮಾನಗಳಿಗೆ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತಾರೆ, ಆದ್ದರಿಂದ 9ಕ್ಕೆ ಒಂದು ನಿಮಿಷ ತಡವಾದರೂ ಕಷ್ಟ. ವಿಮಾನ ಮಂಗಳೂರಿನಲ್ಲಿ ನಿಲ್ಲುವಾಗ 11.10. ಪೆಟ್ಟಿಗೆ ಕೈಗೆ ಬರುವಾಗ 11.30. ನಿಲ್ದಾಣ ಪೇಟೆಯಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್ ದೂರದ ಗುಡ್ಡದ ಮೇಲಿದೆ; ಕಾವೂರು ದಾಟಿ ಕದ್ರಿಗೆ ಬಂದು ಚಪ್ಪಲಿ ಬಿಡುವಾಗ 12.10. ಒಟ್ಟು ಐದು ಗಂಟೆ ಹತ್ತು ನಿಮಿಷ, ಅದರಲ್ಲಿ ಹಾರಿದ್ದು ಮುಕ್ಕಾಲು ಗಂಟೆ.

ಅದೇ 7ಕ್ಕೆ ಕಾರಿನಲ್ಲಿ ಹೊರಟು, ನಡುವೆ ತಿಂಡಿಗೆ, ಚಹಾಕ್ಕೆ ನಿಲ್ಲಿಸಿದರೆ ಏಳೂವರೆ–ಎಂಟು ಗಂಟೆಯ ದಾರಿ, ಮಧ್ಯಾಹ್ನ 2.30 ಅಥವಾ 3ಕ್ಕೆ ಮನೆಯಲ್ಲಿರುತ್ತೀರಿ. ಎಂದರೆ ಉಳಿಯುವುದು ಎರಡು ಗಂಟೆ ಇಪ್ಪತ್ತು ನಿಮಿಷದಿಂದ ಎರಡು ಗಂಟೆ ಐವತ್ತು ನಿಮಿಷ. ರಾತ್ರಿ ಬಸ್ಸಿನವರು ಮಲಗಿದಲ್ಲೇ ದಾರಿ ಸವೆಸುವುದರಿಂದ ಅವರಿಗೆ ಹಗಲು ಪೂರ್ತಿ ಉಳಿಯುತ್ತದೆ. ಬಸ್ಸಿನಲ್ಲಿ ನಿದ್ದೆ ಬರುವವರಿಗೆ ವಿಮಾನ ಹೊತ್ತು ಉಳಿಸುತ್ತದೆ ಎಂದು ನಾನು ವಾದಿಸಲಾರೆ. ವಿಮಾನದಿಂದ ನಿಜವಾದ ಪ್ರಯೋಜನ ಹೆಬ್ಬಾಳ, ಯಲಹಂಕದ ಕಡೆ ಮನೆ ಇರುವವರಿಗೆ, ಬೆನ್ನುನೋವಿನವರಿಗೆ, ಮತ್ತು ಬೆಳಿಗ್ಗೆ ಹೋಗಿ ರಾತ್ರಿ ಮರಳಬೇಕಾದವರಿಗೆ. ನೋಂದಣಿ ಕಚೇರಿಯಲ್ಲಿ ಒಂದು ಸಹಿ ಹಾಕಲು ಎರಡು ರಾತ್ರಿ ಬಸ್ಸಿನಲ್ಲಿ ಕಳೆಯುವ ಬದಲು ಎರಡು ಟಿಕೆಟ್ ತೆಗೆಯುವುದನ್ನು ದುಂದು ಎನ್ನಲಾಗದು.

ನಮ್ಮದು ಪುತ್ತೂರು. ನಮಗೆ ವಿಮಾನ ಉಪಯೋಗ ಉಂಟಾ?

ಹೊತ್ತಿನ ದೃಷ್ಟಿಯಿಂದ ಅಷ್ಟಾಗಿ ಇಲ್ಲ. ಪುತ್ತೂರಿನವರು ವಿಮಾನಕ್ಕಾಗಿ ಮೊದಲು ಐವತ್ತು ಕಿಲೋಮೀಟರ್‌ಗೂ ಹೆಚ್ಚು ಪಶ್ಚಿಮಕ್ಕೆ ಹೋಗಿ, ಮತ್ತೆ ಅದೇ ದೂರವನ್ನು ಆಕಾಶದಲ್ಲಿ ಹಿಂದಕ್ಕೆ ಬರಬೇಕು. ಸುಬ್ರಹ್ಮಣ್ಯ, ಧರ್ಮಸ್ಥಳ, ಉಪ್ಪಿನಂಗಡಿ ಕಡೆಯವರ ಕಥೆಯೂ ಇದೇ: ಘಟ್ಟದ ಬುಡದಲ್ಲಿರುವವರಿಗೆ ಘಟ್ಟ ಹತ್ತುವುದೇ ಹತ್ತಿರ. ಉಡುಪಿ, ಮಣಿಪಾಲ, ಕಾಸರಗೋಡಿನವರ ಲೆಕ್ಕ ಬೇರೆ. ಅವರಿಗೆ ಬಜ್ಪೆ ಅನುಕೂಲವಾಗುತ್ತದೆ.

ಶಿರಾಡಿ ಬಂದ್ ಆದಾಗ ಟಿಕೆಟ್ ಸಿಗುವುದೇ ಇಲ್ಲವಲ್ಲ, ರೈಲಾದರೂ ಇರ್ತದಾ?

ಘಟ್ಟ ಕುಸಿದ ದಿನ ರಸ್ತೆಯವರು, ರೈಲಿನವರು ಎಲ್ಲರೂ ವಿಮಾನದ ಕಡೆ ತಿರುಗುವುದರಿಂದ ದರ ಏರುತ್ತದೆ, ಸೀಟು ಮುಗಿಯುತ್ತದೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಮತ್ತು ಮಡಿಕೇರಿ ಕಡೆಯ ಸಂಪಾಜೆ ಘಾಟಿಗಳೆರಡೂ ಮುಚ್ಚಿದ್ದನ್ನು ಕಂಡವರಿಗೆ ಇದು ಹೊಸತಲ್ಲ. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಲುವಿನಲ್ಲಿ ಮತ್ತೆ ಮಣ್ಣು ಜರಿಯಿತು. ರೈಲು ಅದೇ ಬೆಟ್ಟಗಳ ನಡುವೆ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್‌ನಲ್ಲಿ 57 ಸುರಂಗಗಳನ್ನು ದಾಟಿ, ಕಡಿದಾದ ಇಳಿಜಾರಿನಲ್ಲಿ ಮೆಲ್ಲಗೆ ಸಾಗುತ್ತದೆ. ಅದಕ್ಕೂ ಮಳೆಗಾಲದ ತೊಂದರೆ ತಪ್ಪಿದ್ದಲ್ಲ. ಜುಲೈ–ಆಗಸ್ಟ್‌ನಲ್ಲಿ ತಪ್ಪಿಸಲಾಗದ ಕೆಲಸವಿದ್ದರೆ ಟಿಕೆಟ್ ಮೊದಲೇ ತೆಗೆದಿಡಿ, ಒಂದು ದಿನ ಮುಂಚಿತವಾಗಿ ಹೊರಡಿ.

ಮೊದಲು ಎಚ್‌ಎಎಲ್ ನಿಲ್ದಾಣ ಇದ್ದಾಗ ಬೇಗ ಆಗ್ತಿತ್ತು ಅಂತ ಅಪ್ಪ ಹೇಳ್ತಾರೆ, ನಿಜವಾ?

ಆಕಾಶದ ಲೆಕ್ಕದಲ್ಲಿ ಅಲ್ಲ, ನೆಲದ ಲೆಕ್ಕದಲ್ಲಿ ನಿಜ. ಹಳೆಯ ನಿಲ್ದಾಣ ಮಂಗಳೂರಿಗೆ ಸುಮಾರು ಐದು ಕಿಲೋಮೀಟರ್ ಮಾತ್ರ ಹತ್ತಿರವಿತ್ತು, ಜೆಟ್‌ಗೆ ಅದು ಅರ್ಧ ನಿಮಿಷದ ಮಾತು. ಆದರೆ 2008ರ ಮೇ 24ರಂದು ನಾಗರಿಕ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೆ, ದಕ್ಷಿಣ ಬೆಂಗಳೂರಿನವರು ರಸ್ತೆಯಲ್ಲಿ ಕಳೆಯುವ ಹೊತ್ತು ದುಪ್ಪಟ್ಟಿಗಿಂತ ಹೆಚ್ಚಾಯಿತು. ನಿಮ್ಮ ಅಪ್ಪ ಅಳೆಯುತ್ತಿರುವುದು ಅದನ್ನು.

ಯಾವ ಕಡೆಯ ಕಿಟಕಿ ತಗೊಂಡ್ರೆ ಘಟ್ಟ ಚೆನ್ನಾಗಿ ಕಾಣುತ್ತೆ?

ನೇರ ಗೆರೆ ನೆಲಮಂಗಲದ ಬಳಿಯಿಂದ ಹಾಸನದ ತುಸು ಉತ್ತರಕ್ಕೆ ಹಾದು, ಚಾರ್ಮಾಡಿಯ ಸಮೀಪದಲ್ಲಿ ಘಟ್ಟ ಇಳಿದು, ಬೆಳ್ತಂಗಡಿಯ ಮೇಲಿಂದ ಬಜ್ಪೆಗೆ ಹೋಗುತ್ತದೆ. ಬೆಂಗಳೂರಿನಿಂದ ಹೊರಟವರಿಗೆ ಕುದುರೆಮುಖದ ಸಾಲು ಬಲಕ್ಕಿರುತ್ತದೆ. ಚಳಿಗಾಲದಲ್ಲಿ ಬಿಸಿಲು ಎಡಗಡೆಯಿಂದ ಹೊಡೆಯುವುದರಿಂದ ಆ ಕಾರಣಕ್ಕೂ ಬಲಬದಿಯೇ ವಾಸಿ. ಮಳೆ ನಿಂತ ಮೇಲಿನ ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ. ಜುಲೈಯಲ್ಲಿ ಯಾವ ಕಿಟಕಿ ತೆಗೆದುಕೊಂಡರೂ ಕಾಣುವುದು ಬಿಳಿ ಹತ್ತಿಯೇ.

## ಸ್ವಲ್ಪ ಆಳಕ್ಕೆ ಇಳಿದರೆ

ಮೇಲೆ ಹೋದ ಕೂಡಲೇ ಇಳಿಯಲು ಶುರು ಮಾಡ್ತಾರಲ್ಲ, ಯಾಕೆ?

ವಿಮಾನ ಒಂದು ಸಾವಿರ ಅಡಿ ಇಳಿಯಲು ಸುಮಾರು ಮೂರು ನಾಟಿಕಲ್ ಮೈಲಿ ದೂರ ಬೇಕು ಎಂಬುದು ಪೈಲಟ್‌ಗಳು ಬಾಯಿಲೆಕ್ಕಕ್ಕೆ ಬಳಸುವ ಸೂತ್ರ. 24,000 ಅಡಿಯಿಂದ ಮಂಗಳೂರಿಗೆ ಇಳಿಯಬೇಕಾದರೆ ಎಪ್ಪತ್ತೊಂದು ನಾಟಿಕಲ್ ಮೈಲಿ, ಎಂದರೆ 130 ಕಿಲೋಮೀಟರ್ ಆಯಿತು. ಅಷ್ಟು ಎತ್ತರಕ್ಕೆ ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕಾಗುತ್ತದೆ. 306ರಲ್ಲಿ ಇವೆರಡನ್ನೂ ಕಳೆದರೆ ಮಟ್ಟವಾಗಿ ಹಾರಲು ಉಳಿಯುವುದು ಐವತ್ತು ಕಿಲೋಮೀಟರ್‌ನಷ್ಟು, ನಾಲ್ಕೈದು ನಿಮಿಷ. ಸಿಬ್ಬಂದಿ ಅವಸರ ಅವಸರವಾಗಿ ನೀರು ಕೊಟ್ಟು ಕಪ್ಪು ವಾಪಸು ಕೇಳುವುದು ಇದೇ ಕಾರಣಕ್ಕೆ.

ಇದರಲ್ಲೊಂದು ಸೊಗಸಿದೆ. ಬೆಂಗಳೂರು ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದ್ದರೆ ಮಂಗಳೂರಿನದು ನೂರು ಮೀಟರ್ ಆಸುಪಾಸಿನಲ್ಲಿದೆ. ಆದ್ದರಿಂದ ಒಂದೇ ಎತ್ತರದಿಂದ ಇಳಿಯುವುದಾದರೂ, ಮಂಗಳೂರಿಗೆ ಇಳಿಯುವವರು ಬೆಂಗಳೂರಿಗೆ ಇಳಿಯುವವರಿಗಿಂತ ಹದಿನೈದು ಕಿಲೋಮೀಟರ್‌ನಷ್ಟು ಮೊದಲೇ ಇಳಿಯಲು ತೊಡಗಬೇಕು. ಕಿವಿ ಕಟ್ಟುವುದು ಘಟ್ಟದ ಮೇಲೆಯೇ ಶುರುವಾಗುತ್ತದೆ.

ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಸಮಯ. ಗಾಳಿಯ ಕಾರಣವಾ?

ಗಾಳಿಯ ಕಾರಣವೇ, ಆದರೆ ಬಹುಪಾಲು ಜನ ತಿಳಿದ ರೀತಿಯಲ್ಲಿ ಅಲ್ಲ. ಇಷ್ಟು ಚಿಕ್ಕ ಹಾರಾಟದಲ್ಲಿ ಹಿಂಗಾಳಿ, ಎದುರುಗಾಳಿಗಳಿಂದ ಆಗುವ ವ್ಯತ್ಯಾಸ ಎರಡು ಮೂರು ನಿಮಿಷ. ಹೆಚ್ಚಿನ ವ್ಯತ್ಯಾಸ ಬರುವುದು ಗಾಳಿ ಯಾವ ರನ್‌ವೇಯನ್ನು ಆರಿಸುತ್ತದೆ ಎಂಬುದರಿಂದ. ವಿಮಾನ ಗಾಳಿಗೆ ಮುಖಮಾಡಿ ಏರಬೇಕು, ಗಾಳಿಗೆ ಮುಖಮಾಡಿಯೇ ಇಳಿಯಬೇಕು. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಬೀಸುವಾಗ, ಮಂಗಳೂರಿನಿಂದ ಬಂದ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ತಿರುಗಿ, ಪಶ್ಚಿಮಕ್ಕೆ ಮುಖಮಾಡಿ ಇಳಿಯಬೇಕಾಗುತ್ತದೆ; ಹೊಸಕೋಟೆಯ ಕಡೆಯ ಕೆರೆಗಳು ಕಿಟಕಿಯಲ್ಲಿ ಕಂಡರೆ ನೀವು ಆ ಸುತ್ತಿನಲ್ಲಿದ್ದೀರಿ ಎಂದು ತಿಳಿಯಬಹುದು. ಅದೇ ದಿನ ಬೆಂಗಳೂರಿನಿಂದ ಹೊರಡುವ ವಿಮಾನ ಏರಿದ ದಿಕ್ಕಿನಲ್ಲೇ ಸೀದಾ ಮಂಗಳೂರಿಗೆ ಹೊರಟುಬಿಡುತ್ತದೆ. ಚಳಿಗಾಲದ ಮೂಡುಗಾಳಿಗೆ ಇದು ತಲೆಕೆಳಗಾಗುತ್ತದೆ: ಬರುವವರಿಗೆ ಸೀದಾ, ಹೋಗುವವರಿಗೆ ಸುತ್ತು. ಇದರ ಮೇಲೆ ದಟ್ಟಣೆಯ ಹೊತ್ತಿನಲ್ಲಿ ಬೆಂಗಳೂರಿನ ಆಕಾಶದಲ್ಲಿ ಸರದಿ ಕಾಯುವ ಸುತ್ತುಗಳೂ ಸೇರುತ್ತವೆ.

ಕುತೂಹಲಕ್ಕೆ ಇನ್ನೊಂದು ವಿಷಯ: ಪೂರ್ವಕ್ಕೆ ಹೋಗುವ ವಿಮಾನಗಳಿಗೆ ಬೆಸ ಸಂಖ್ಯೆಯ ಸಾವಿರ ಅಡಿಗಳು, ಪಶ್ಚಿಮಕ್ಕೆ ಹೋಗುವವಕ್ಕೆ ಸಮ ಸಂಖ್ಯೆಯವು ಎಂಬುದು ಎತ್ತರ ಹಂಚುವ ಸಾಮಾನ್ಯ ನಿಯಮ. ಬೆಂಗಳೂರಿಗೆ ಹೋಗುವಾಗ 23,000 ಅಡಿ, ಊರಿಗೆ ಬರುವಾಗ 24,000 ಎಂದು ಘೋಷಿಸಿದರೆ ಆಶ್ಚರ್ಯಪಡಬೇಕಿಲ್ಲ.

ಟೇಬಲ್‌ಟಾಪ್ ಅಂತಾರಲ್ಲ, ಅದರಿಂದ ಸಮಯ ಹೆಚ್ಚಾಗುತ್ತಾ?

ಸಮಯಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಗುಡ್ಡದ ತಲೆ ಸಮ ಮಾಡಿ ಕಟ್ಟಿದ, ತುದಿ ದಾಟಿದರೆ ಕಮರಿ ಇರುವ ರನ್‌ವೇಗೆ ಟೇಬಲ್‌ಟಾಪ್ ಎನ್ನುತ್ತಾರೆ. 1951ರಲ್ಲಿ ಆರಂಭವಾದ ಬಜ್ಪೆಯ ಹಳೆಯ ರನ್‌ವೇ 1,615 ಮೀಟರ್ ಉದ್ದವಿತ್ತು. 2006ರಲ್ಲಿ ಬಳಕೆಗೆ ಬಂದ ಹೊಸದು 2,450 ಮೀಟರ್. ಬೆಂಗಳೂರಿನವು ತಲಾ 4,000 ಮೀಟರ್. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇಯ ತುದಿ ದಾಟಿ ಕಮರಿಗೆ ಬಿದ್ದು 158 ಜನ ತೀರಿಕೊಂಡರು, ಎಂಟು ಜನ ಮಾತ್ರ ಉಳಿದರು. ಕರಾವಳಿಯವರು ಇದನ್ನು ಮರೆಯುವಂತಿಲ್ಲ. ಇಲ್ಲಿ ಪೈಲಟ್ ಇಳಿಯಲು ಮನಸ್ಸು ಮಾಡದೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಹಾಕಿದರೆ ಹತ್ತು ಹದಿನೈದು ನಿಮಿಷ ಹೋಗುತ್ತದೆ, ಹೋಗಲಿ; ಆ ಹೊತ್ತಿಗೆ ಗೊಣಗುವ ಸಹಪ್ರಯಾಣಿಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಳೆಗಾಲದಲ್ಲಿ ವಿಮಾನ ಬೇರೆ ಕಡೆ ಹೋಗಿಬಿಟ್ಟರೆ?

ಹೋಗುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಜ್ಪೆಯ ಗುಡ್ಡಕ್ಕೆ ಮೋಡ ಕವಿದು ರನ್‌ವೇ ಕಾಣದಂತಾದರೆ ವಿಮಾನ ಕೆಲಕಾಲ ಸುತ್ತಿ, ಇಂಧನದ ಲೆಕ್ಕ ನೋಡಿ, ಬೆಂಗಳೂರಿಗೋ, ಸುಮಾರು 135 ಕಿಲೋಮೀಟರ್ ದೂರದ ಕಣ್ಣೂರಿಗೋ, ಕೊಚ್ಚಿಗೋ ಹೋಗಬಹುದು. ಒಂದು ಆಗಸ್ಟ್‌ನಲ್ಲಿ ನಾನು ಬೆಂಗಳೂರಿನಿಂದ ಹೊರಟು, ಮಂಗಳೂರಿನ ಮೇಲೆ ಅರ್ಧ ಗಂಟೆ ಸುತ್ತಿ, ಕಿಟಕಿಯಲ್ಲಿ ಬೂದುಬಣ್ಣದ ಹೊರತು ಏನನ್ನೂ ಕಾಣದೆ, ಎರಡು ಗಂಟೆಯ ಬಳಿಕ ಬೆಂಗಳೂರಿನಲ್ಲೇ ಇಳಿದೆ. ಪಕ್ಕದ ಸೀಟಿನ ಅಜ್ಜಿ ಇಳಿಯುವ ತನಕವೂ ಅದು ಮಂಗಳೂರೇ ಎಂದುಕೊಂಡಿದ್ದರು. ಮಗನಿಗೆ ಫೋನ್ ಮಾಡಿ ‘ಮುಟ್ಟಿದೆ ಮಗಾ’ ಎಂದೂ ಹೇಳಿದ್ದರು. ಬೆಂಗಳೂರಿನ ಕಡೆಯ ತೊಂದರೆ ಡಿಸೆಂಬರ್–ಜನವರಿಯ ಮುಂಜಾನೆಯ ಮಂಜು. ಚಳಿಗಾಲದಲ್ಲಿ ಮೊದಲ ವಿಮಾನಕ್ಕಿಂತ ಒಂಬತ್ತು ಗಂಟೆಯ ನಂತರದ್ದು ವಾಸಿ.

ಕರ್ನಾಟಕದ ಬೇರೆ ಊರುಗಳಿಗೆ ಹೋಲಿಸಿದರೆ ಮಂಗಳೂರು ಹತ್ತಿರವೋ ದೂರವೋ?

ನಡುವಿನದು. ಬೆಂಗಳೂರು ನಿಲ್ದಾಣದಿಂದ ನೇರ ದೂರ ಮೈಸೂರಿಗೆ ಸುಮಾರು 155 ಕಿಲೋಮೀಟರ್, ಶಿವಮೊಗ್ಗಕ್ಕೆ ಸುಮಾರು 240, ಹುಬ್ಬಳ್ಳಿಗೆ 370, ಬೆಳಗಾವಿಗೆ 445, ಕಲಬುರಗಿಗೆ 460. ಟಿಕೆಟಿನಲ್ಲಿ ಕಾಣುವ ಹೊತ್ತು ಮಾತ್ರ ಈ ಪ್ರಮಾಣದಲ್ಲಿ ಏರುವುದಿಲ್ಲ, ಏಕೆಂದರೆ ನೆಲದ ಮೇಲೆ ಓಡುವ, ಏರುವ, ಇಳಿಯುವ ನಿಮಿಷಗಳು ಎಲ್ಲ ಊರಿಗೂ ಸಮಾನ. ದೂರ ಹೆಚ್ಚಿದಷ್ಟೂ ವಿಮಾನದ ಲಾಭ ಹೆಚ್ಚು; ಕಲಬುರಗಿಯವರಿಗೆ ಅದು ವರ, ಮೈಸೂರಿನವರಿಗೆ ಹೆಚ್ಚೆಂದರೆ ಶೋಕಿ.

ವಿಮಾನ ರದ್ದಾದರೆ ಪರಿಹಾರ ಸಿಗ್ತದೆ ಅಂತಾರೆ. ಅದಕ್ಕೂ ಹಾರಾಟದ ಹೊತ್ತಿಗೂ ಏನು ಸಂಬಂಧ?

ನೇರ ಸಂಬಂಧವಿದೆ, ಮತ್ತು ಈ ದಾರಿಯಲ್ಲಿ ಅದು ವಿಚಿತ್ರವಾಗಿ ಕೆಲಸ ಮಾಡುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ಕೊಡಬೇಕಾದ ಪರಿಹಾರವನ್ನು ಬ್ಲಾಕ್ ಅವಧಿಯ ಮೇಲೆ ನಿಗದಿಪಡಿಸಲಾಗಿದೆ: ಒಂದು ಗಂಟೆಯವರೆಗಿನ ಯಾನಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದ್ದಕ್ಕೆ 7,500 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಎಷ್ಟಾಗುತ್ತದೋ ಅಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಟಿಕೆಟಿನ ಹಣ ಮರಳಿಸುವುದು ಇದರ ಹೊರತಾದದ್ದು. ಮಂಗಳೂರು–ಬೆಂಗಳೂರು ಯಾನದ ಅವಧಿ ಒಂದು ಗಂಟೆಯ ಗಡಿಯಲ್ಲೇ ಓಲಾಡುವುದರಿಂದ, 60 ನಿಮಿಷವೆಂದು ನಮೂದಾದ ವಿಮಾನ ಮತ್ತು 65 ನಿಮಿಷವೆಂದು ನಮೂದಾದ ವಿಮಾನ ಬೇರೆ ಬೇರೆ ಸಾಲಿಗೆ ಬೀಳುತ್ತವೆ. ಮಳೆ, ಮಂಜಿನಂಥ ಸಂಸ್ಥೆಯ ಕೈಮೀರಿದ ಕಾರಣಗಳಿಗೆ ಈ ಪರಿಹಾರ ಅನ್ವಯಿಸುವುದಿಲ್ಲ. ಬಜ್ಪೆಯಲ್ಲಿ ಆಗಸ್ಟ್ ತಿಂಗಳಲ್ಲಿ ರದ್ದಾಗುವುದಕ್ಕೆ ಹೆಚ್ಚಾಗಿ ಕಾರಣ ಅದೇ. ಎರಡು ಗಂಟೆಗಿಂತ ಹೆಚ್ಚು ತಡವಾದರೆ ಕಾಯುತ್ತಿರುವವರಿಗೆ ತಿಂಡಿ–ಊಟ ಕೊಡಬೇಕು ಎಂಬ ನಿಯಮವೂ ಇದೆ, ಆದರೆ ಕೌಂಟರಿಗೆ ಹೋಗಿ ಕೇಳದವರಿಗೆ ಅದು ತಾನಾಗಿ ಬಂದದ್ದನ್ನು ನಾನು ಕಂಡಿಲ್ಲ. ಬೋರ್ಡಿಂಗ್ ಪಾಸ್ ಕೈಯಲ್ಲಿ ಹಿಡಿದು ಹೋಗಿ ಕೇಳಿ.